ರೈಡೂ ಬರುತ್ತೆ, ಕ್ಯಾಚೂ ಬರುತ್ತೆ: ಇಬ್ಬರಲ್ಲಿ ಯಾರು ಮೇಲು?

ಮಕ್ಕಳೇ, ಕಬಡ್ಡಿ ನೋಡುವ ಮನೆಯಲ್ಲಿ ಒಂದು ಜಗಳ ತಪ್ಪಿದ್ದಲ್ಲ. ರೈಡ್ ಮಾಡುವವನು ದೊಡ್ಡವನೋ, ಕ್ಯಾಚ್ ಹಿಡಿಯುವವನು ದೊಡ್ಡವನೋ? ಮೊಮ್ಮಗ ಒಂದು ಕಡೆ, ತಾತ ಇನ್ನೊಂದು ಕಡೆ. ಈ ವಾರ ಆ ಜಗಳ ಬಿಟ್ಟು, ಅದಕ್ಕಿಂತ ಕಷ್ಟದ ಲೆಕ್ಕಕ್ಕೆ ಕೈ ಹಾಕೋಣ. ಎರಡನ್ನೂ ಬಲ್ಲ ಆಲ್‌ರೌಂಡರ್‌ಗಳು ಇಬ್ಬರಿದ್ದರೆ, ಅವರಲ್ಲಿ ಯಾರು ಮೇಲು ಎಂದು ಹೇಳುವುದು ಹೇಗೆ?

ಪ್ರೊ ಕಬಡ್ಡಿಯ ಇಬ್ಬರನ್ನು ತೆಗೆದುಕೊಳ್ಳೋಣ. ಮೊದಲನೆಯವರು ಮಂಜೀತ್ ಚಿಲ್ಲರ್. 2015ರಲ್ಲಿ ನಮ್ಮ ಬೆಂಗಳೂರು ಬುಲ್ಸ್ ಫೈನಲ್‌ವರೆಗೆ ಹೋಗಿ ಯು ಮುಂಬಾಗೆ ಸೋತಾಗ ಅವರೇ ನಾಯಕ. ಈ ಲೀಗಿನಲ್ಲಿ ಅವರ ಟ್ಯಾಕಲ್ ಅಂಕ 391, ರೈಡ್ ಅಂಕ 225. ಎರಡನೆಯವರು ದೀಪಕ್ ಹೂಡಾ. ಅವರ ರೈಡ್ ಅಂಕ ಸಾವಿರ ದಾಟಿದೆ, ಟ್ಯಾಕಲ್ ಅಂಕ ನೂರರ ಆಸುಪಾಸು.

ಕೂಡಿದರೆ ದೀಪಕ್ ಅವರದೇ ಹೆಚ್ಚು. ಹಾಗಾದರೆ ಅವರೇ ಮೇಲಾ? ಅವಸರ ಬೇಡ. ನಾನು ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ಕೂದಲು ಬೆಳ್ಳಗೆ ಮಾಡಿಕೊಂಡವನು. ರೂಪಾಯಿಯನ್ನೂ ಡಾಲರನ್ನೂ ಒಂದೇ ಕಾಲಮಿನಲ್ಲಿ ಬರೆದು ಟೋಟಲ್ ಹಾಕಿದರೆ ಆ ಲೆಕ್ಕವನ್ನು ಯಾರೂ ಒಪ್ಪುವುದಿಲ್ಲ. ಇಲ್ಲೂ ಅಷ್ಟೆ. ರೈಡರ್ ಒಂದೇ ಸಲಕ್ಕೆ ಮೂವರನ್ನು ಮುಟ್ಟಿ ಬಂದರೆ ಮೂರು ಅಂಕ, ಬೋನಸ್ ಸಿಕ್ಕರೆ ಇನ್ನೊಂದು. ಕ್ಯಾಚ್ ಹಿಡಿದರೆ ಸಾಮಾನ್ಯವಾಗಿ ಒಂದೇ ಅಂಕ. ನಾಲ್ಕು ಜನ ಮೇಲೆ ಬಿದ್ದು ಹಿಡಿದರೂ ಹೆಸರು ಬರುವುದು ಒಬ್ಬರಿಗೆ. ಆದ್ದರಿಂದ 391 ಟ್ಯಾಕಲ್ ಅಂಕ ಎಂದರೆ ಸಣ್ಣ ಮಾತಲ್ಲ. ಎರಡು ಕಾಲಮನ್ನೂ ಬೇರೆ ಬೇರೆ ಇಟ್ಟೇ ನೋಡಬೇಕು.

ಆಲ್‌ರೌಂಡರ್‌ನ ಬೆಲೆ ಸರಿಯಾಗಿ ಗೊತ್ತಾಗುವುದು ಯಾವಾಗ ಹೇಳಿ? ಅಂಕಣದಲ್ಲಿ ಏಳು ಜನ ತುಂಬಿರುವಾಗ ಅಲ್ಲ. ನಾಲ್ವರು ಔಟಾಗಿ ಮೂವರೇ ಉಳಿದಾಗ. ಆ ಮೂವರೂ ಬರೀ ರೈಡರ್‌ಗಳಾದರೆ ಬಂದವನನ್ನು ಹಿಡಿಯುವವರು ಯಾರು? ಮೂವರೂ ಬರೀ ಹಿಡಿಯುವವರಾದರೆ ರೈಡಿಗೆ ಹೋಗುವವರು ಯಾರು? ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಇದ್ದಾಗ ಹಿಡಿದರೆ ಅದು ಸೂಪರ್ ಟ್ಯಾಕಲ್, ಎರಡು ಅಂಕ. ಅಂಥ ಹೊತ್ತಿನಲ್ಲಿ ಎರಡೂ ಬಲ್ಲವನೊಬ್ಬ ಉಳಿದಿದ್ದರೆ ತಂಡಕ್ಕೆ ಜೀವ ಇದೆ ಎಂದೇ ಲೆಕ್ಕ.

ಖರ್ಚಿನ ಕಡೆಯೂ ಒಂದು ಬಾಬತ್ತು ಇದೆ. ಆಲ್‌ರೌಂಡರ್ ರೈಡಿಗೆ ಹೋಗಿ ಸಿಕ್ಕಿಬಿದ್ದರೆ ತಂಡಕ್ಕೆ ಒಬ್ಬ ರೈಡರ್ ಮಾತ್ರ ಕಡಿಮೆಯಾಗುವುದಲ್ಲ, ಒಬ್ಬ ಡಿಫೆಂಡರ್ ಕೂಡ ಹೋದ ಹಾಗೆ. ಒಂದೇ ಚೆಕ್ಕಿಗೆ ಎರಡು ಖಾತೆ ಖಾಲಿ! ಅದಕ್ಕೇ ಅವನನ್ನು ಯಾವಾಗ ಕಳಿಸಬೇಕು, ಯಾವಾಗ ಉಳಿಸಿಕೊಳ್ಳಬೇಕು ಎನ್ನುವುದರಲ್ಲಿ ಕೋಚ್‌ನ ಜಾಣತನ ಇದೆ.

ಈ ಜಾಣತನಕ್ಕೆ ಉದಾಹರಣೆ ನಮ್ಮವರೇ ಇದ್ದಾರೆ. ಅರ್ಜುನ ಪ್ರಶಸ್ತಿ ಪಡೆದ ಕನ್ನಡಿಗ ಬಿ.ಸಿ. ರಮೇಶ್ ಅವರು ತರಬೇತಿ ಕೊಟ್ಟ ಬೆಂಗಾಲ್ ವಾರಿಯರ್ಸ್ 2019ರಲ್ಲಿ ಕಪ್ ಗೆದ್ದಿತು. ಫೈನಲ್‌ನಲ್ಲಿ ಗಾಯಗೊಂಡ ನಾಯಕನ ಬದಲು ತಂಡವನ್ನು ನಡೆಸಿದವರು ಇರಾನಿನ ಆಲ್‌ರೌಂಡರ್ ನಬಿಬಕ್ಷ್. 2024ರ ಮಾರ್ಚ್‌ನಲ್ಲಿ ರಮೇಶ್ ಅವರ ಪುಣೇರಿ ಪಲ್ಟನ್ ಗೆದ್ದಾಗ ಆ ತಂಡದಲ್ಲಿ ಒಬ್ಬರಲ್ಲ, ಇಬ್ಬರು ಆಲ್‌ರೌಂಡರ್‌ಗಳು. ಅಸ್ಲಂ ಇನಾಮ್‌ದಾರ್ ಅವರ ಬಲಗೈ ರೈಡು, ಎಡಗೈ ಕ್ಯಾಚು. ಇರಾನಿನ ಶಾದ್ಲೂಯಿ ಅವರದು ತಿರುಗಾಮುರುಗಾ. ಆ ಸಲ ಅವರ ಟ್ಯಾಕಲ್ ಅಂಕವೇ 99. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿದರು. ಇವರಲ್ಲಿ ಮೇಲು ಯಾರು ಎಂದು ಕೇಳುವ ಮೊದಲು, ತಂಡಕ್ಕೆ ಏನು ಬೇಕಾಗಿತ್ತು ಎಂದು ಕೇಳಬೇಕು.

ದೂರದ ಅಮೆರಿಕದಲ್ಲೂ ಇದೇ ಚರ್ಚೆ. ಅವರ ಫುಟ್‌ಬಾಲ್ ಬೇರೆ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ದಾಳಿಗೆ 11 ಜನ, ರಕ್ಷಣೆಗೆ ಬೇರೆಯೇ 11 ಜನ. ಹೀಗಿದ್ದೂ ಕೊಲೊರಾಡೊ ವಿಶ್ವವಿದ್ಯಾಲಯದ ಟ್ರಾವಿಸ್ ಹಂಟರ್ ಎಂಬ ಹುಡುಗ ಎರಡೂ ಕಡೆ ಆಡಿ, 2024ರಲ್ಲಿ ಕಾಲೇಜು ಆಟಗಾರರಿಗೆ ಕೊಡುವ ದೊಡ್ಡ ಪ್ರಶಸ್ತಿಯಾದ ಹೈಸ್‌ಮನ್ ಟ್ರೋಫಿ ಗೆದ್ದ.

ಈಗ ಹಿರಿಯರಿಗೆ ಒಂದು ಮಾತು. ಚಿತ್ರದುರ್ಗವಾಗಲಿ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಾಗಲಿ, ಶಾಲೆಯ ತಂಡ ಆರಿಸುವಾಗ ಉದ್ದ ಕಾಲಿನವನು ರೈಡಿಗೆ, ದಪ್ಪಗಿರುವವನು ಮೂಲೆಗೆ ಎಂದು ಮೊದಲ ದಿನವೇ ಹಣೆಪಟ್ಟಿ ಹಚ್ಚಿಬಿಡುತ್ತೇವೆ. ಹನ್ನೆರಡು ವರ್ಷದ ಮಗುವಿನ ಮೈ ಇನ್ನೂ ಬೆಳೆಯುತ್ತಿರುತ್ತದೆ. ಮೂಲೆಯಲ್ಲಿ ನಿಂತ ಹುಡುಗಿಗೆ ಕಾಲು ಚುರುಕಿದೆಯೋ ಇಲ್ಲವೋ ಎಂದು ಒಂದು ಸಲವೂ ರೈಡಿಗೆ ಕಳಿಸದೆ ತಿಳಿಯುವುದು ಹೇಗೆ? ಖೊ-ಖೊ ನೋಡಿ, ಅಲ್ಲಿ ಅಟ್ಟಿದ ತಂಡವೇ ಆಮೇಲೆ ಓಡಬೇಕು; ಮಕ್ಕಳು ಎರಡನ್ನೂ ಕಲಿತೇ ಕಲಿಯುತ್ತಾರೆ. ಕಬಡ್ಡಿಯಲ್ಲೂ ಹಾಗೆ ಕಲಿಯಲಿ. ದಣಿದಾಗ ಕೂರಿಸಿ, ಆದರೆ ಕಲಿಯುವ ಬಾಗಿಲು ಮುಚ್ಚಬೇಡಿ.

ಮಕ್ಕಳೇ, ಮುಂದಿನ ಪಂದ್ಯ ನೋಡುವಾಗ ನೋಟ್‌ಬುಕ್ಕಿನಲ್ಲಿ ಮೂರು ಕಾಲಮ್ ಎಳೆಯಿರಿ: ರೈಡ್ ಅಂಕ, ಟ್ಯಾಕಲ್ ಅಂಕ, ಮೂವರೇ ಉಳಿದಾಗ ಬಂದ ಅಂಕ. ತಾತ ಒಬ್ಬ ಆಟಗಾರನ ಲೆಕ್ಕ ಬರೆಯಲಿ, ನೀವು ಇನ್ನೊಬ್ಬನದು ಬರೆಯಿರಿ. ಆಟ ಮುಗಿದ ಮೇಲೆ ಎರಡನ್ನೂ ತಾಳೆ ನೋಡಿ. ಮೂರನೆಯ ಕಾಲಮ್ ಯಾರದು ತುಂಬಿದೆಯೋ, ಆ ದಿನ ಅವರದು.