ಕಟ್ಟಡವುಂಟು, ವೈದ್ಯರಿಲ್ಲ!

ಹಣ ತೆರಲಾರದವನೆಂಬ ಕಾರಣಕ್ಕೆ ಯಾವನೂ ಚಿಕಿತ್ಸೆಗೆ ಎರವಾಗಕೂಡದೆಂದು 1946ರಲ್ಲಿ ಭೋರ್ ಸಮಿತಿಯು ಸಾರಿತು. ಆ ತತ್ತ್ವದ ಕುಡಿಗಳೇ ಇಂದಿನ ಸಮುದಾಯ ಆರೋಗ್ಯ ಕೇಂದ್ರಗಳು. ಬಯಲುಸೀಮೆಯಲ್ಲಿ 1,20,000 ಜನಕ್ಕೊಂದು, ಗುಡ್ಡಗಾಡಿನಲ್ಲಿ 80,000 ಜನಕ್ಕೊಂದು, 30 ಹಾಸಿಗೆ, ಶಸ್ತ್ರವೈದ್ಯರು, ಕಾಯಚಿಕಿತ್ಸಕರು, ಪ್ರಸೂತಿತಜ್ಞರು, ಮಕ್ಕಳ ವೈದ್ಯರು. ಇದು ಸರಕಾರವೇ ಬರೆದುಕೊಟ್ಟ ಕರಾರು. ಆದರೆ 2022ರ ಸರಕಾರೀ ಲೆಕ್ಕದಂತೆಯೇ, ದೇಶದ ಗ್ರಾಮೀಣ ಕೇಂದ್ರಗಳಿಗೆ ಬೇಕಾದ ತಜ್ಞರಲ್ಲಿ ಐದಕ್ಕೆ ನಾಲ್ಕು ಪಾಲಿನಷ್ಟು ಕೊರತೆ! ಹಳ್ಳಿಗೆ ವೈದ್ಯರು ಬಾರರೆಂಬುದು ಬರಿಯ ನೆವ. ವಸತಿ, ಸಲಕರಣೆ, ದಾದಿಯರ ನೆರವು ಇಲ್ಲದೆಡೆಗೆ ಯಾರು ತಾನೆ ಬಂದಾರು? ಬಸುರಿಯ ಬೇನೆಯು ಜಿಲ್ಲಾಸ್ಥಳದ ಹಾದಿ ಸವೆಯುವವರೆಗೆ ಕಾಯದು. ಮತ ಬೇಡಬರುವವರನ್ನು ವಾಚಕರು ಕೇಳಲಿ: ಗೋಡೆಗೆ ಸುಣ್ಣ ಬಳಿದಿರಿ, ಒಳಗೆ ವೈದ್ಯರೆಲ್ಲಿ? ಉತ್ತರ ದೊರೆವವರೆಗೆ ನಾವು ಸುಮ್ಮನಿರಲಾರೆವು.