ತುರಿಕೆಗೆ ಟ್ಯೂಬ್ ತರುವ ಮುನ್ನ...

‘ಅಣ್ಣಾರ, ತುರಿಕಿಗೆ ಒಂದು ಟ್ಯೂಬ್ ಕೊಡ್ರಿ.’

ಸಿಂಧನೂರಾಗಲಿ, ಲಿಂಗಸುಗೂರಾಗಲಿ, ಮಸ್ಕಿಯಾಗಲಿ, ಔಷಧಿ ಅಂಗಡಿ ಮುಂದೆ ಸ್ವಲ್ಪ ಹೊತ್ತು ನಿಂತರೆ ಈ ಮಾತು ಕಿವಿಗೆ ಬೀಳುತ್ತದೆ. ಡಾಕ್ಟರ ಚೀಟಿ ಎಲ್ಲಿ ಅಂತ ಕೇಳುವವರು ಕಡಿಮೆ. ನಾನೂ ಹಾಗೆ ಚೀಟಿ ಇಲ್ಲದೆ ತಂದವಳೇ.

ನನ್ನ ಮಗಳಿಗೆ ಮೂರನೇ ವರ್ಷದಿಂದ ಮೊಣಕೈ, ಮೊಣಕಾಲಿನ ಮಡಿಕೆಯಲ್ಲಿ ಎಕ್ಸಿಮಾ. ಹಿರಿಯರು ಇಸುಬು ಅನ್ನುತ್ತಾರಲ್ಲ, ಅದೇ. ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತೇ ಇದೆ. ಬೆವರಿಗೆ ಕೆರೆದು ಕೆರೆದು ರಕ್ತ ಬರಿಸಿಕೊಳ್ಳುತ್ತಿದ್ದಳು. ಟ್ಯೂಬ್ ಹಚ್ಚಿದರೆ ಎರಡು ದಿನಕ್ಕೆ ಕಡಿಮೆ, ಬಿಟ್ಟರೆ ಮತ್ತೆ ಶುರು. ಎರಡು ವರ್ಷ ಹೀಗೇ ಕಳೆಯಿತು. ಕಳೆದ ವರ್ಷ ಕೀವು ತುಂಬಿ ಜ್ವರ ಬಂದಾಗ ಆ ಮುಲಾಮೂ ನಡೆಯಲಿಲ್ಲ, ಮನೆಯಲ್ಲಿ ಉಳಿದಿದ್ದ ಸಿರಪ್ಪೂ ನಡೆಯಲಿಲ್ಲ. ರಾಯಚೂರಿಗೆ ಓಡಿದೆವು. ಚರ್ಮದ ಡಾಕ್ಟರು ಕೀವಿನ ಪರೀಕ್ಷೆ ಮಾಡಿಸಿದರು. ವರದಿಯಲ್ಲಿ ಔಷಧಿಗಳ ಪಟ್ಟಿ, ಹಲವದರ ಮುಂದೆ ‘ಆರ್’ ಎಂಬ ಅಕ್ಷರ. ಆರ್ ಅಂದರೆ ರೆಸಿಸ್ಟೆಂಟ್. ಆ ಔಷಧಿಗೆ ಈ ಬ್ಯಾಕ್ಟೀರಿಯಾ ಜಗ್ಗುವುದಿಲ್ಲ ಅಂತ ಅರ್ಥ.

ಚರ್ಮದಲ್ಲಿ ನಡೆಯುವುದೇನು?

ಎಕ್ಸಿಮಾ ಇರುವವರ ಚರ್ಮ ಬಿರುಕು ಬಿಟ್ಟ ಗೋಡೆ ಇದ್ದ ಹಾಗೆ. ತೇವ ಹೊರಗೆ ಹೋಗುತ್ತದೆ, ರೋಗಾಣು ಒಳಗೆ ಬರುತ್ತದೆ. ಹಾಗೆ ಬಂದು ಕೂರುವ ಮುಖ್ಯ ಬ್ಯಾಕ್ಟೀರಿಯಾ ಸ್ಟೆಫಿಲೋಕಾಕಸ್ ಆರಿಯಸ್. ಎಕ್ಸಿಮಾದ ಗಾಯವನ್ನು ಪರೀಕ್ಷಿಸಿದರೆ ನೂರರಲ್ಲಿ ಸುಮಾರು 70 ಜನರಲ್ಲಿ ಇದು ಸಿಗುತ್ತದೆ. ಸುಮ್ಮನೆ ಇದೆ ಎಂದ ಮಾತ್ರಕ್ಕೆ ಆಂಟಿಬಯೋಟಿಕ್ ಬೇಕಿಲ್ಲ. ಆದರೂ ಮೇಲಿಂದ ಮೇಲೆ ಹಚ್ಚಿದರೆ ಬಡಪಾಯಿ ಬ್ಯಾಕ್ಟೀರಿಯಾ ಸಾಯುತ್ತವೆ, ಗಟ್ಟಿ ಪಿಂಡಗಳು ಉಳಿದು ಬೆಳೆಯುತ್ತವೆ.

ಇದು ಹೊಸ ಕಥೆಯಲ್ಲ. ಪೆನ್ಸಿಲಿನ್‌ಗೆ ಬಗ್ಗದ ಸ್ಟೆಫಿಲೋಕಾಕಸ್‌ಗೆಂದೇ ಮೆಥಿಸಿಲಿನ್ ತಂದರು. 1961ರ ಹೊತ್ತಿಗೆ ಅದನ್ನೂ ಮೀರಿದ ತಳಿ ಬ್ರಿಟನ್ನಿನಲ್ಲಿ ಸಿಕ್ಕಿತು. ಎಂಆರ್‌ಎಸ್‌ಎ ಎಂಬ ಹೆಸರು ಕೇಳಿರಬಹುದು, ಅದೇ ಇದು. 2000ದ ಆಸುಪಾಸಿನಲ್ಲಿ ನಾರ್ವೆ, ಸ್ವೀಡನ್ ದೇಶಗಳ ಮಕ್ಕಳಲ್ಲಿ ಫ್ಯುಸಿಡಿಕ್ ಆಸಿಡ್ ಮುಲಾಮಿಗೆ ಜಗ್ಗದ ಕೀವುಗುಳ್ಳೆ ಹರಡಿತು. ಆ ಮುಲಾಮಿನ ಅತಿಬಳಕೆ ಅದಕ್ಕೆ ಇಂಬು ಕೊಟ್ಟಿತೆಂದು ವೈದ್ಯರು ಗುರುತಿಸಿದರು.

ಟ್ಯೂಬಿನ ಹಿಂದೆ ಏನಿದೆ?

ನಿಮ್ಮ ಮನೆಯ ಟ್ಯೂಬ್ ತಿರುಗಿಸಿ ನೋಡಿ. ಕ್ಲೊಬೆಟಾಸೋಲ್, ಜೆಂಟಾಮೈಸಿನ್, ಮೈಕೊನಜೋಲ್ ಎಂಬಂಥ ಎರಡು ಮೂರು ಹೆಸರು ಒಟ್ಟಿಗೆ ಇವೆಯೇ? ಮೊದಲನೆಯದು ಜೋರಾದ ಸ್ಟಿರಾಯ್ಡ್, ಎರಡನೆಯದು ಆಂಟಿಬಯೋಟಿಕ್, ಮೂರನೆಯದು ಹುಳುಕಡ್ಡಿಯ ಔಷಧಿ. ತುರಿಕೆ ನಿಲ್ಲಿಸಿದ್ದು ಸ್ಟಿರಾಯ್ಡ್. ಬೇಕಿಲ್ಲದ ಆಂಟಿಬಯೋಟಿಕ್ ಪುಕ್ಕಟೆ ಮೈಗೆ ಹತ್ತಿತು.

ಬ್ರಿಟನ್ನಿನಲ್ಲಿ ಸೋಂಕಾದಂತೆ ಕಾಣುವ ಸಾಧಾರಣ ಎಕ್ಸಿಮಾ ಇದ್ದ 113 ಮಕ್ಕಳ ಅಧ್ಯಯನ ನಡೆದು 2017ರಲ್ಲಿ ಪ್ರಕಟವಾಯಿತು. ತೇವ ಕಾಪಾಡುವ ಕ್ರೀಮು, ವೈದ್ಯರು ಕೊಟ್ಟ ಸ್ಟಿರಾಯ್ಡ್ ಮುಲಾಮು ಎಲ್ಲರಿಗೂ ಇತ್ತು. ಅದರ ಮೇಲೆ ಆಂಟಿಬಯೋಟಿಕ್ ಪಡೆದ ಮಕ್ಕಳಿಗೆ ಹೇಳಿಕೊಳ್ಳುವ ಲಾಭವೇನೂ ಕಾಣಲಿಲ್ಲ.

ಕಾನೂನು ಇಲ್ಲವೇ? ಇದೆ. 2014ರ ಮಾರ್ಚ್‌ನಿಂದ ಎಚ್-1 ಪಟ್ಟಿಯ ಔಷಧಿ ಮಾರಿದರೆ ರೋಗಿಯ ಹೆಸರು, ಡಾಕ್ಟರ ಹೆಸರು ಬರೆದು ಮೂರು ವರ್ಷ ದಾಖಲೆ ಇಡಬೇಕು. 2018ರಲ್ಲಿ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳಿಗೂ ಚೀಟಿ ಕಡ್ಡಾಯವಾಯಿತು. ಪಕ್ಕದ ಕೇರಳ 2024ರ ಜನವರಿಯಲ್ಲಿ ‘ಆಪರೇಷನ್ ಅಮೃತ್’ ಹೆಸರಲ್ಲಿ ಔಷಧಿ ಅಂಗಡಿಗಳ ದಿಢೀರ್ ತಪಾಸಣೆ ಶುರು ಮಾಡಿತು. ಆದರೆ ಚೀಟಿ ಇಲ್ಲದೆ ಕೇಳುವ ಕೈ ನಮ್ಮದೇ ಆಗಿರುವಾಗ ಅಂಗಡಿಯವರನ್ನಷ್ಟೇ ದೂರಿ ಏನು ಪ್ರಯೋಜನ?

ಮನೆಯಲ್ಲಿ ಹೀಗೆ ಮಾಡಿ

* ಉಗುರುಬೆಚ್ಚಗಿನ ನೀರಲ್ಲಿ ಐದು-ಹತ್ತು ನಿಮಿಷದ ಸ್ನಾನ ಸಾಕು. ಸೌಮ್ಯ ಸೋಪು ಬಳಸಿ, ಉಜ್ಜಬೇಡಿ.
* ಮೈ ಒತ್ತಿ ಒರೆಸಿ, ಹಸಿ ಆರುವ ಮುಂಚೆ ಮಾಯಿಶ್ಚರೈಸರ್ ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ದಿನಕ್ಕೆ ಎರಡು ಸಲವಾದರೂ ಬೇಕು. ಡಬ್ಬಿಗೆ ಬೆರಳು ಅದ್ದದೆ ಚಮಚದಲ್ಲಿ ತೆಗೆದುಕೊಳ್ಳಿ.
* ಮಕ್ಕಳ ಉಗುರು ಕತ್ತರಿಸಿ, ಹತ್ತಿ ಬಟ್ಟೆ ಹಾಕಿ. ಕೀವಿದ್ದವರ ಟವೆಲ್ ಬೇರೆ ಇಡಿ.
* ಪಾತ್ರೆ, ಬಟ್ಟೆ ತೊಳೆದು ನಿಮ್ಮ ಕೈಯೇ ಒಡೆಯುತ್ತಿದ್ದರೆ ಒಳಗೆ ಹತ್ತಿಯ ಗ್ಲೌಸ್, ಮೇಲೆ ರಬ್ಬರಿನದು ಹಾಕಿಕೊಳ್ಳಿ.
* ಜೇನಿನ ಬಣ್ಣದ ಹೊಪ್ಪಳೆ, ಕೀವು, ಬಾವು, ಜ್ವರ ಕಂಡರೆ ಡಾಕ್ಟರ ಬಳಿ ಹೋಗಿ. ಒಮ್ಮೆಲೇ ನೋವಿನ ಸಣ್ಣ ಗುಳ್ಳೆಗಳು ಗುಂಪಾಗಿ ಎದ್ದರೆ ಅವತ್ತೇ ಹೋಗಿ.
* ಆಂಟಿಬಯೋಟಿಕ್ ಬರೆದುಕೊಟ್ಟರೆ ಹೇಳಿದಷ್ಟು ದಿನ ಹಾಕಿ. ಉಳಿದದ್ದನ್ನು ಪಕ್ಕದ ಮನೆಗೆ ಕೊಡಬೇಡಿ.
* ಡಾಕ್ಟರು ಕೊಟ್ಟ ಸ್ಟಿರಾಯ್ಡ್ ಮುಲಾಮಿಗೆ ಹೆದರಬೇಡಿ. ಅವರು ಹೇಳಿದ ಜಾಗಕ್ಕೆ, ಹೇಳಿದಷ್ಟೇ ದಿನ ಹಚ್ಚಿ.

ಈ ಬ್ಯಾಕ್ಟೀರಿಯಾ ಮೂಗಿನಲ್ಲೂ ಮನೆ ಮಾಡುತ್ತದೆ, ಒಬ್ಬರಿಂದ ಒಬ್ಬರಿಗೆ ದಾಟುತ್ತದೆ. ನಾಳೆ ಮನೆಯಲ್ಲಿ ಯಾರಿಗೋ ಸಿಸೇರಿಯನ್ ಆಗಿ ಹೊಲಿಗೆ ಕೀವಾದರೆ, ಡಾಕ್ಟರ ಕೈಯಲ್ಲಿ ಕೆಲಸ ಮಾಡುವ ಔಷಧಿ ಉಳಿದಿರಬೇಕಲ್ಲವೇ?

ನನ್ನ ಮಗಳ ಚರ್ಮ ಈಗ ಬಹಳ ಮಟ್ಟಿಗೆ ಶಾಂತವಾಗಿದೆ. ಇಸುಬು ಪೂರ್ತಿ ಹೋಗಿಲ್ಲ, ಬೇಸಿಗೆ ಬಂದರೆ ಕಾಣಿಸುತ್ತದೆ. ಆಗ ನಾನು ಮೊದಲು ಕೈಹಾಕುವುದು ಮಾಯಿಶ್ಚರೈಸರ್ ಡಬ್ಬಿಗೆ. ನೀವೂ ಇವತ್ತು ಸಂಜೆ ಔಷಧಿ ಡಬ್ಬಿ ತೆರೆದು, ಅರ್ಧ ಬಳಸಿಟ್ಟ ಟ್ಯೂಬ್‌ಗಳನ್ನು ಒಮ್ಮೆ ನೋಡಿಬಿಡಿ.