ಒತ್ತುವುದನ್ನು ಕಲಿಸಿದರೆ ಸಾಲದು

ಪುಣೆಯಲ್ಲಿ ನಾವಿರುವ ಬಡಾವಣೆಯ ಹಿಂಬದಿಗೆ ಒಂದು ಅಂಗನವಾಡಿ ಇದೆ. ಅದನ್ನು ನಡೆಸುವಾಕೆ ಅಕ್ಕಲಕೋಟೆಯ ಕಡೆಯವರು. ಓದಿದ್ದು ಅಲ್ಲಿನ ಕನ್ನಡ ಶಾಲೆಯಲ್ಲಿ, ಕೆಲಸ ಮಾಡುವುದು ಮರಾಠಿಯಲ್ಲಿ. 2021ರ ಮಳೆಗಾಲದ ಒಂದು ಸಂಜೆ ಅವರು ಮೊಬೈಲ್ ಹಿಡಿದು ನಮ್ಮ ಮನೆಗೆ ಬಂದರು. ಆ ವರ್ಷದ ಮಾರ್ಚಿನಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ಜಾರಿಗೆ ತಂದ ‘ಪೋಷಣ್ ಟ್ರ್ಯಾಕರ್’ ಆ್ಯಪ್ ಅದರಲ್ಲಿತ್ತು. ಪರದೆಯ ತುಂಬ ಇಂಗ್ಲಿಷ್. ನಾನು ಇಂಗ್ಲಿಷಿನಲ್ಲಿ ಎಂ.ಎ. ಮಾಡಿರುವ ಸುದ್ದಿ ಯಾರಿಂದಲೋ ಅವರ ಕಿವಿಗೆ ಬಿದ್ದಿತ್ತು.

“ಅಕ್ಕಾರ, ಇದರ ಅರ್ಥ ಏನಂತ ಓದಿ ಹೇಳ್ರಿ” ಎಂದರು. ‘ಸ್ಟಂಟೆಡ್’, ‘ವೇಸ್ಟೆಡ್’ ಎಂಬ ಎರಡು ಪದಗಳು. ಎರಡನ್ನೂ ಸಾಹಿತ್ಯದ ಪುಟಗಳಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಆದರೆ ಮಗುವೊಂದರ ಹೆಸರಿನ ಎದುರು ಅವುಗಳಿಗೆ ಏನರ್ಥವೆಂದು ಹೇಳಲಾಗದೆ ‘ಕುಗ್ಗಿದ’, ‘ಕ್ಷೀಣಿಸಿದ’ ಎಂದು ತಡವರಿಸಿದೆ. ಆಕೆ ಕ್ಷಣಕಾಲ ಯೋಚಿಸಿ, “ವಯಸ್ಸಿಗೆ ತಕ್ಕ ಎತ್ತರ ಇಲ್ಲದ್ದು ಒಂದು, ಎತ್ತರಕ್ಕ ತಕ್ಕ ತೂಕ ಇಲ್ಲದ್ದು ಇನ್ನೊಂದು, ಹೌದಲ್ರಿ?” ಎಂದು ಕೇಳಿದರು. ಅದೇ ಸರಿಯಾಗಿತ್ತು.

ಆರೋಗ್ಯ ಮತ್ತು ಪೋಷಣೆಯ ಕ್ಷೇತ್ರದ ಕಾರ್ಯಕರ್ತೆಯರಿಗೆ ‘ಡಿಜಿಟಲ್ ಕೌಶಲ’ ಕಲಿಸಬೇಕೆಂಬ ಮಾತು ಬಂದಾಗಲೆಲ್ಲ ನನಗೆ ಆ ಸಂಜೆ ನೆನಪಾಗುತ್ತದೆ. ಏನನ್ನೂ ಅರಿಯದವರಿಗೆ ಎಲ್ಲವನ್ನೂ ಕಲಿಸುತ್ತೇವೆಂಬ ಭಾವ ಆ ಮಾತಿನಲ್ಲಿ ಅಡಗಿರುತ್ತದೆ. ನಮ್ಮ ತರಬೇತಿಗಳು ಸೋಲುವುದು ಅಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ನಾನು ತಂತ್ರಜ್ಞಾನದ ವಿರೋಧಿಯಲ್ಲ. 1975ರ ಅಕ್ಟೋಬರ್ 2ರಂದು 33 ಬ್ಲಾಕುಗಳಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಡಿ ಇಂದು ದೇಶದಲ್ಲಿ ಸುಮಾರು 14 ಲಕ್ಷ ಅಂಗನವಾಡಿಗಳಿವೆ. ಕಾರ್ಯಕರ್ತೆಯೊಬ್ಬಳು 11 ರಿಜಿಸ್ಟರುಗಳನ್ನು ಬರೆಯಬೇಕಾಗಿದ್ದ ಕಾಲವನ್ನು ನೆನೆದರೆ ಆ್ಯಪಿನ ಉಪಯೋಗ ತಿಳಿಯುತ್ತದೆ. ಕಲಬುರಗಿಯಿಂದ ಪುಣೆಗೆ ಕಟ್ಟಡ ಕೆಲಸಕ್ಕೆ ಬರುವ ಕುಟುಂಬದ ಕೂಸಿನ ದಾಖಲೆಯೂ ಕೂಸಿನೊಡನೆ ಬರುವಂತಾದರೆ ಅದಕ್ಕಿಂತ ಒಳ್ಳೆಯದೇನಿದೆ?

ಆದರೆ 2021ರ ಆಗಸ್ಟಿನಲ್ಲಿ ಇದೇ ಮಹಾರಾಷ್ಟ್ರದ ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರ ಕೊಟ್ಟ ಮೊಬೈಲುಗಳನ್ನು ಹಿಂದಿರುಗಿಸಿ ಪ್ರತಿಭಟಿಸಿದರು. ಆ್ಯಪ್ ಮರಾಠಿಯಲ್ಲಿ ಬೇಕೆಂಬ ಬೇಡಿಕೆ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು. “ಈ ಹೆಂಗಸರಿಗೆ ಹೊಸತನ್ನು ಕಲಿಯುವ ಮನಸ್ಸಿಲ್ಲ” ಎಂದು ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಆಗ ಮೂಗು ಮುರಿದಿದ್ದರು. ಕಾರ್ಯಕರ್ತೆಯರ ದೂರು ಬೇರೆಯಾಗಿತ್ತು: ಫೋನಿನ ಸಾಮರ್ಥ್ಯ ಸಾಲದು, ಭಾಷೆ ತಮ್ಮದಲ್ಲ. ಈಗ ಆ್ಯಪ್ ಹಲವು ಭಾರತೀಯ ಭಾಷೆಗಳಲ್ಲಿ ದೊರೆಯುತ್ತದೆ. ಅಂದಮೇಲೆ ಅವರ ದೂರಿನಲ್ಲಿ ಹುರುಳಿತ್ತು ಎಂದಾಯಿತಲ್ಲ!

ಭಾಷೆ ಬದಲಾದೊಡನೆ ಎಲ್ಲವೂ ಸರಿಹೋಗಲಿಲ್ಲ. “ನಿಮಗೆ ತರಬೇತಿ ಕೊಟ್ಟಿಲ್ಲವೇ?” ಎಂದು ಆ ಸಂಜೆ ಕೇಳಿದ್ದೆ. “ಎಲ್ಲಿ ಒತ್ತಬೇಕು ಅಂತ ಹೇಳಿಕೊಟ್ಟಾರ್ರಿ. ತಪ್ಪು ಒತ್ತಿದ್ರ ವಾಪಸ್ ಹ್ಯಾಂಗ ಬರೂದು ಅಂತ ಯಾರೂ ಹೇಳಿಲ್ಲ” ಎಂದರು. ಈ ಮಾತು ನನಗೂ ನಾಟಿತು. ಕಚೇರಿಯ ಆನ್‌ಲೈನ್ ತರಬೇತಿಗಳನ್ನು ‘ಮುಂದೆ’, ‘ಮುಂದೆ’ ಎಂದು ಒತ್ತುತ್ತಲೇ ಮುಗಿಸಿ ಪ್ರಮಾಣಪತ್ರ ಪಡೆದವರಲ್ಲಿ ನಾನೂ ಒಬ್ಬಳು. ನನ್ನ ತಪ್ಪಿನಿಂದ ಒಂದು ಕಡತ ತಡವಾದೀತು, ಅಷ್ಟೆ. ಆಕೆಯ ತಪ್ಪಿನ ಕಥೆ ಹಾಗಲ್ಲ. 2025ರ ಜುಲೈ 1ರಿಂದ ತಾಯಂದಿರು ಮನೆಗೊಯ್ಯುವ ಆಹಾರದ ಪೊಟ್ಟಣಕ್ಕೂ ಮುಖ ಗುರುತಿಸುವ ವ್ಯವಸ್ಥೆ ಕಡ್ಡಾಯವಾಗಿದೆ. ಆ್ಯಪ್ ಮುಖವನ್ನು ಒಪ್ಪದಿದ್ದರೆ ಎದುರಿಗೆ ನಿಂತ ಬಸುರಿಗೆ ಉತ್ತರ ಕೊಡಬೇಕಾದವಳು ಈಕೆಯೇ.

ಇನ್ನೊಂದು ಸಂಗತಿಯಿದೆ. ಹಿಂದೆ ಆಕೆ ಮಗುವಿನ ತೂಕ ನೋಡಿ, ಬೆಳವಣಿಗೆಯ ಪಟದಲ್ಲಿ ಚುಕ್ಕಿಯಿಟ್ಟು, ಹಿಂದಿನ ತಿಂಗಳ ಚುಕ್ಕಿಗೆ ಗೆರೆ ಎಳೆಯುತ್ತಿದ್ದರು. ಗೆರೆ ಹಸಿರಿನಿಂದ ಹಳದಿಗೆ ಇಳಿದದ್ದನ್ನು ಅಕ್ಷರ ಬಾರದ ತಾಯಿಯೂ ಕಾಣುತ್ತಿದ್ದಳು. ಈಗ ಆಕೆ ಅಂಕಿಗಳನ್ನು ತುಂಬುತ್ತಾರೆ, ಲೆಕ್ಕವನ್ನು ಆ್ಯಪ್ ಮಾಡುತ್ತದೆ. ಕೌಶಲ ಹೆಚ್ಚಿಸುವ ಹೆಸರಿನಲ್ಲಿ ಇದ್ದ ಕೌಶಲವೊಂದು ಮರೆಯಾಗಬಾರದು. ಆ್ಯಪಿನ ಲೆಕ್ಕವನ್ನು ತಾಯಿಗೆ ತೋರಿಸಿ ವಿವರಿಸುವುದನ್ನೂ, ಅದು ತಪ್ಪೆನಿಸಿದರೆ ಪ್ರಶ್ನಿಸುವುದನ್ನೂ ತರಬೇತಿ ಕಲಿಸಬೇಕು.

ಇದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ಒಂದು ದಿನ ಸಭಾಂಗಣದಲ್ಲಿ ನೂರು ಜನರನ್ನು ಕೂರಿಸುವ ಬದಲು ತಿಂಗಳಿಗೊಮ್ಮೆ ಹತ್ತು ಜನ ಸೇರಿ ತಮ್ಮದೇ ಫೋನಿನಲ್ಲಿ ಅಭ್ಯಾಸ ಮಾಡಲಿ. ನಿಜವಾದ ಮಕ್ಕಳ ದಾಖಲೆಗೆ ಧಕ್ಕೆಯಾಗದಂತೆ ತಪ್ಪು ಮಾಡಿ ತಿದ್ದಿಕೊಳ್ಳಲು ಅವಕಾಶವಿರಲಿ. ಅವರಲ್ಲೇ ಚೆನ್ನಾಗಿ ಬಲ್ಲವಳೊಬ್ಬಳು ಕಲಿಸಲಿ, ಆ ಸಮಯಕ್ಕೆ ಆಕೆಗೆ ಹಣವೂ ಸಿಗಲಿ. 2018ರಲ್ಲಿ ಕೇಂದ್ರವು ಅಂಗನವಾಡಿ ಕಾರ್ಯಕರ್ತೆಯ ಮಾಸಿಕ ಗೌರವಧನವನ್ನು 4,500 ರೂಪಾಯಿಗೆ ಏರಿಸಿತು. ರಾಜ್ಯಗಳು ತಮ್ಮ ಪಾಲು ಸೇರಿಸುತ್ತವೆ, ನಿಜ. ಆದರೂ ಇಷ್ಟು ಪಡೆಯುವವರಿಂದ ಬಿಡುವಿನ ವೇಳೆಯನ್ನೂ ಉಚಿತವಾಗಿ ಬೇಡುವುದು ನ್ಯಾಯವಲ್ಲ. ಆ್ಯಪ್ ರೂಪಿಸುವವರೂ ವರ್ಷಕ್ಕೆ ಒಂದೆರಡು ದಿನ ಅಂಗನವಾಡಿಯ ಚಾಪೆಯ ಮೇಲೆ ಕುಳಿತು ಬರಲಿ. ಕಲಿಯಬೇಕಾದ್ದು ಅವರಿಗೂ ಇದೆ.

ಹೊರನಾಡಿನಲ್ಲಿರುವ ನಮಗೆ, ಬಾರದ ಭಾಷೆಯ ಅರ್ಜಿಯ ಮುಂದೆ ಪೆನ್ನು ಹಿಡಿದು ನಿಲ್ಲುವ ಸಂಕೋಚ ಹೊಸತಲ್ಲ. ಆಗ ಪಕ್ಕದವರು ನಮ್ಮ ಕೈಯಿಂದ ಅರ್ಜಿ ಕಸಿದು ತಾವೇ ತುಂಬಿದರೆ ಕೆಲಸವೇನೋ ಆಗುತ್ತದೆ, ಮುಂದಿನ ಸಲ ಮತ್ತೆ ಅಲ್ಲಿಯೇ ನಿಂತಿರುತ್ತೇವೆ. ಆ ಸಂಜೆ ನಾನೂ ಹಾಗೆಯೇ ಮಾಡಹೊರಟಿದ್ದೆ. “ಕೊಡಿ, ನಾನೇ ತುಂಬಿಕೊಡುತ್ತೇನೆ” ಎಂದು ಕೈಚಾಚಿದೆ. ಆಕೆ ಫೋನನ್ನು ತಮ್ಮತ್ತ ಎಳೆದುಕೊಂಡು ಹೇಳಿದರು: “ಬ್ಯಾಡ್ರಿ ಅಕ್ಕಾರ. ಒತ್ತೂದು ನಾನೇ ಒತ್ತತೀನಿ. ನೀವು ಬಾಜೂಕ ಕೂತು ನೋಡ್ರಿ, ಸಾಕು.”